1956ಕ್ಕಿಂತ ಮೊದಲು ನಮ್ಮ ರಾಜ್ಯಪಾಲರು ಯಾರು?

ಮಾನ್ಯ ಸಂಪಾದಕರೇ,

ನವೆಂಬರ್ ತಿಂಗಳು ಬಂತೆಂದರೆ ಪತ್ರಿಕೆಗಳ ವಿಶೇಷ ಪುಟಗಳಲ್ಲಿಯೂ ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿಯೂ ಕರ್ನಾಟಕದ ರಾಜ್ಯಪಾಲರ ಪಟ್ಟಿ ಕಾಣಿಸಿಕೊಳ್ಳುತ್ತದೆ. ಜಯಚಾಮರಾಜೇಂದ್ರ ಒಡೆಯರ್ ಅವರು 1950ರ ಜನವರಿ 26ರಿಂದ 1956ರ ಅಕ್ಟೋಬರ್ 31ರವರೆಗೆ ರಾಜಪ್ರಮುಖರು (ಹಿಂದಿನ ಸಂಸ್ಥಾನಗಳಿಂದಾದ ರಾಜ್ಯಗಳಲ್ಲಿ ರಾಜ್ಯಪಾಲರ ಸ್ಥಾನದಲ್ಲಿದ್ದ ಮುಖ್ಯಸ್ಥರು), ಮರುದಿನದಿಂದ 1964ರ ಮೇ ತಿಂಗಳವರೆಗೆ ರಾಜ್ಯಪಾಲರು ಎಂದು ಪಟ್ಟಿ ಆರಂಭವಾಗುತ್ತದೆ. ಹಳೆಯ ಮೈಸೂರಿನ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಗಂಗಾವತಿಯಲ್ಲಿ ಕುಳಿತು ಓದುವವರಿಗೆ ಆ ಮೊದಲ ಆರು ವರ್ಷ ಒಂಬತ್ತು ತಿಂಗಳು ಅನ್ವಯಿಸುವುದೇ ಇಲ್ಲ ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಇಲ್ಲಿಯ ಗ್ರಂಥಾಲಯದಲ್ಲಿ ಪರೀಕ್ಷೆಗೆ ಓದುವ ಹುಡುಗರು, 1955ರಲ್ಲಿ ನಮ್ಮೂರಿಗೂ ಒಡೆಯರೇ ರಾಜಪ್ರಮುಖರಾಗಿದ್ದರೆಂದು ನಂಬಿಕೊಂಡಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಾಯಿಯ ತವರು ಹೊಳೆಯಾಚೆಯ ಕಂಪ್ಲಿ. ಗಂಗಾವತಿಗೂ ಕಂಪ್ಲಿಗೂ ನಡುವೆ ಇರುವುದು ತುಂಗಭದ್ರೆ ಮಾತ್ರ. ಆದರೂ ದೇಶ ಗಣರಾಜ್ಯವಾದ ದಿನ ಈ ದಡದ ಗಂಗಾವತಿ, ಕೊಪ್ಪಳ, ರಾಯಚೂರುಗಳು ಹೈದರಾಬಾದ್ ರಾಜ್ಯದಲ್ಲಿದ್ದವು, ಆ ದಡದ ಕಂಪ್ಲಿ, ಹೊಸಪೇಟೆ, ಬಳ್ಳಾರಿಗಳು ಮದ್ರಾಸ್ ರಾಜ್ಯದಲ್ಲಿದ್ದವು. ನಮ್ಮ ಕಡೆಯ ರಾಜಪ್ರಮುಖರು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಅವರು 1956ರ ಅಕ್ಟೋಬರ್ 31ರವರೆಗೂ ಆ ಸ್ಥಾನದಲ್ಲಿದ್ದರು. ಅವರಿಗೆ ಆ ಪದವಿ ಸಿಗುವ ಮೊದಲು, ಅಂದರೆ 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ, ಆಡಳಿತ ಮೇಜರ್ ಜನರಲ್ ಜೆ. ಎನ್. ಚೌಧುರಿ ಎಂಬ ಮಿಲಿಟರಿ ಗವರ್ನರ್ ಅವರ ಕೈಯಲ್ಲಿತ್ತು. ನದಿಯ ಆಚೆಗೆ ಮದ್ರಾಸಿನ ರಾಜ್ಯಪಾಲರಾಗಿದ್ದವರು ಭಾವನಗರದ ಮಹಾರಾಜ ಕೃಷ್ಣಕುಮಾರಸಿಂಹಜಿ, 1952ರಿಂದ ಶ್ರೀಪ್ರಕಾಶ. ಈಚೆ ದಡದಲ್ಲಿ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ, ಆಚೆ ದಡದಲ್ಲಿ ಬ್ರಿಟಿಷ್ ಸರ್ಕಾರದ ಕಲ್ದಾರ ರೂಪಾಯಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದೇ ಗಡಿಯನ್ನು ಕುರಿತು.

ಈ ಎರಡು ಆಡಳಿತಗಳ ಗುರುತನ್ನು ನೋಡಬೇಕಾದವರು ತುಂಗಭದ್ರಾ ಅಣೆಕಟ್ಟಿಗೆ ಹೋದರೆ ಸಾಕು. 1945ರ ಫೆಬ್ರುವರಿಯಲ್ಲಿ ಒಂದೇ ಅಣೆಕಟ್ಟಿಗೆ ಎರಡು ಅಡಿಗಲ್ಲುಗಳು ಬಿದ್ದವು: ಎಡದಂಡೆಯ ಮುನಿರಾಬಾದ್ ಕಡೆಗೆ ನಿಜಾಮರ ಹಿರಿಯ ಮಗ ಬೇರಾರ್ ರಾಜಕುಮಾರರಿಂದ, ಬಲದಂಡೆಯ ಹೊಸಪೇಟೆ ಕಡೆಗೆ ಮದ್ರಾಸ್ ಗವರ್ನರ್ ಸರ್ ಆರ್ಥರ್ ಹೋಪ್ ಅವರಿಂದ. ನಮ್ಮ ಗದ್ದೆಗಳಿಗೆ ನೀರು ತಂದ ಕಾಮಗಾರಿಯ ಆರಂಭದಲ್ಲಿ ನಿಂತ ಈ ಗವರ್ನರ್ ಹೆಸರು ಕರ್ನಾಟಕದ ಯಾವ ಪಟ್ಟಿಯಲ್ಲಿಯೂ ಇಲ್ಲದಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಬಳ್ಳಾರಿಯವರಿಗೆ ಮದ್ರಾಸ್ ಗವರ್ನರುಗಳ ನಂಟು ಇನ್ನೂ ಹಳೆಯದು. 1800ರಲ್ಲಿ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳ ಪ್ರಧಾನ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1820ರಲ್ಲಿ ಮದ್ರಾಸಿನ ಗವರ್ನರ್ ಆದರು. 1827ರಲ್ಲಿ ಇದೇ ಸೀಮೆಯಲ್ಲಿ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡರು.

ಬಳ್ಳಾರಿ ಜಿಲ್ಲೆಗೆ ರಾಜ್ಯದ ಮುಖ್ಯಸ್ಥರು ಬದಲಾದದ್ದು ನಮಗಿಂತ ಮೂರು ವರ್ಷ ಮೊದಲೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿ ಅಲ್ಲಿಯ ಜನರಿಗೆ ಚಂದೂಲಾಲ್ ತ್ರಿವೇದಿ ರಾಜ್ಯಪಾಲರಾದರು. ಉಳಿದ ಜಿಲ್ಲೆ ಮೈಸೂರಿಗೆ ಸೇರಿ ಒಡೆಯರ್ ಅವರ ರಾಜಪ್ರಮುಖತ್ವಕ್ಕೆ ಬಂತು. ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನ ಮದ್ರಾಸಿನಲ್ಲಿ ವಿಲೀನವಾಗಿದ್ದುದು 1949ರಲ್ಲಷ್ಟೇ. ಹೀಗಾಗಿ ಐದು ವರ್ಷದೊಳಗೆ ಸಂಡೂರಿನವರು ಮಹಾರಾಜರನ್ನೂ ಮದ್ರಾಸಿನ ರಾಜ್ಯಪಾಲರನ್ನೂ ಮೈಸೂರಿನ ರಾಜಪ್ರಮುಖರನ್ನೂ ಕಂಡರು. ಮೂರು ವರ್ಷದ ನಂತರ, 1956ರ ನವೆಂಬರ್ 1ರಂದು, ರಾಯಚೂರು ಜಿಲ್ಲೆಗೂ ಇಂಥದೇ ಪಾಲಾಯಿತು: ಗದ್ವಾಲ ಮತ್ತು ಆಲಂಪುರ ಆಂಧ್ರಪ್ರದೇಶಕ್ಕೆ ಹೋಗಿ ಅಲ್ಲಿಯ ರಾಜ್ಯಪಾಲ ತ್ರಿವೇದಿಯವರ ವ್ಯಾಪ್ತಿಗೆ ಸೇರಿದವು, ರಾಯಚೂರು, ಕೊಪ್ಪಳ, ಗಂಗಾವತಿಗಳು ವಿಶಾಲ ಮೈಸೂರಿಗೆ ಬಂದವು. ಸಂವಿಧಾನದ ಏಳನೆಯ ತಿದ್ದುಪಡಿಯಿಂದ ರಾಜಪ್ರಮುಖರ ಹುದ್ದೆಯೇ ರದ್ದಾದುದರಿಂದ, ಮೈಸೂರಿನಲ್ಲಿ ಅದೇ ವ್ಯಕ್ತಿ ರಾಜ್ಯಪಾಲರಾಗಿ ಮುಂದುವರಿದರೂ ನಮ್ಮ ಪಾಲಿಗೆ ಅಂದು ಹುದ್ದೆಯೂ ಹೊಸದು, ವ್ಯಕ್ತಿಯೂ ಹೊಸಬರು. ಅಲ್ಲಿಂದ ಮುಂದೆ ಜನರಲ್ ಶ್ರೀನಾಗೇಶ್, ವಿ. ವಿ. ಗಿರಿ, ಜಿ. ಎಸ್. ಪಾಠಕ್ ಎಂದು ಸಾಗುವ ಸಾಲು ಎಲ್ಲ ಜಿಲ್ಲೆಗಳಿಗೂ ಒಂದೇ.

ಆ ಸಾಲಿನಲ್ಲೂ ಒಂದು ಸಣ್ಣ ಲೋಪವಿದೆ. 1990ರಲ್ಲಿ ಪಿ. ವೆಂಕಟಸುಬ್ಬಯ್ಯನವರು ಹೋಗಿ ಭಾನುಪ್ರತಾಪ್ ಸಿಂಗ್ ಬರುವವರೆಗೆ ಮುಖ್ಯ ನ್ಯಾಯಮೂರ್ತಿ ಎಸ್. ಮೋಹನ್ ಅವರೂ, 2014ರಲ್ಲಿ ಎಚ್. ಆರ್. ಭಾರದ್ವಾಜ್ ಅವರ ಅವಧಿ ಮುಗಿದು ವಜುಭಾಯಿ ವಾಲಾ ಬರುವವರೆಗೆ ತಮಿಳುನಾಡಿನ ರಾಜ್ಯಪಾಲ ಕೆ. ರೋಸಯ್ಯ ಅವರೂ ಇಲ್ಲಿಯ ಹೊಣೆ ಹೊತ್ತಿದ್ದರು. ಕೆಲವು ಪಟ್ಟಿಗಳು ಇವರನ್ನು ಎಣಿಸುತ್ತವೆ, ಕೆಲವು ಬಿಡುತ್ತವೆ; ಹಾಗಾಗಿ "ಎಷ್ಟನೆಯ ರಾಜ್ಯಪಾಲರು" ಎಂಬ ಪ್ರಶ್ನೆಗೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಉತ್ತರ ಸಿಗುತ್ತದೆ.

ಇದೆಲ್ಲ ಬರೀ ಹೆಸರುಗಳ ವಿಚಾರವೆಂದು ಯಾರಾದರೂ ಹೇಳಬಹುದು. ಆದರೆ ಸಂವಿಧಾನದ 371ಜೆ ವಿಧಿಯು ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅನುದಾನದ ನ್ಯಾಯಯುತ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಇವುಗಳಿಗಾಗಿ ರಾಜ್ಯಪಾಲರಿಗೆ ವಿಶೇಷ ಹೊಣೆಯನ್ನು ವಹಿಸಲು ಅವಕಾಶ ಕೊಟ್ಟಿರುವುದು ಇಡೀ ರಾಜ್ಯದಲ್ಲಿ ನಮ್ಮ ಈ ಭಾಗಕ್ಕೆ, ಅಂದರೆ ಕಲ್ಯಾಣ ಕರ್ನಾಟಕಕ್ಕೆ (ಹಿಂದಿನ ಹೈದರಾಬಾದ್ ಕರ್ನಾಟಕ) ಮಾತ್ರ. ನಮ್ಮ ಭಾಗ ಹಿಂದುಳಿದದ್ದೇಕೆ ಎಂಬ ಪ್ರಶ್ನೆಯ ಬೇರು 1956ಕ್ಕೂ ಹಿಂದಿನ ಆಡಳಿತಗಳಲ್ಲಿರುವಾಗ, ಆ ಆಡಳಿತಗಳ ಮುಖ್ಯಸ್ಥರ ಹೆಸರನ್ನೇ ಪಟ್ಟಿಯಿಂದ ಕೈಬಿಡುವುದು ಹೇಗೆ ಸರಿಯಾದೀತು? 1800ರಿಂದ ನಿಜಾಮರ ಆಳ್ವಿಕೆಯಲ್ಲಿರದ ಬಳ್ಳಾರಿ ಜಿಲ್ಲೆಯೂ ಈ ವಿಧಿಯ ವ್ಯಾಪ್ತಿಯಲ್ಲಿದೆ ಎಂಬುದನ್ನು ಮಕ್ಕಳಿಗೆ ವಿವರಿಸಬೇಕಾದಾಗಲೂ ಇದೇ ಹಿನ್ನೆಲೆ ಬೇಕಾಗುತ್ತದೆ.

ಆದುದರಿಂದ ಮುಂದಿನ ರಾಜ್ಯೋತ್ಸವದ ಸಂಚಿಕೆಯಲ್ಲಿ ರಾಜ್ಯಪಾಲರ ಪಟ್ಟಿಯನ್ನು ಪ್ರಕಟಿಸುವಾಗ, 1956ರ ನವೆಂಬರ್ 1ಕ್ಕಿಂತ ಮುಂಚಿನ ಭಾಗವನ್ನು ಮೈಸೂರು, ಹೈದರಾಬಾದ್, ಮದ್ರಾಸ್ ಎಂದು ಬೇರೆ ಬೇರೆ ಅಂಕಣಗಳಲ್ಲಿ ಕೊಡಬೇಕೆಂದೂ, ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಯಪುರಗಳಿಗಾಗಿ ಇನ್ನೊಂದು ಅಂಕಣವನ್ನೂ ಕೊಡಗಿನ ಮುಖ್ಯ ಆಯುಕ್ತರನ್ನೂ ಸೇರಿಸಬೇಕೆಂದೂ ವಿನಂತಿಸುತ್ತೇನೆ. ಬಳ್ಳಾರಿಯ ಅಂಕಣದಲ್ಲಿ 1953ರ ಅಕ್ಟೋಬರ್ 1 ಎಂಬ ದಿನಾಂಕವನ್ನು ಮಾತ್ರ ಮರೆಯದೆ ನಮೂದಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ, ಗಂಗಾವತಿ, ಕೊಪ್ಪಳ ಜಿಲ್ಲೆ