ಹೆದ್ದಾರಿ ಅಗೆದು ನೀರು ತಂದ ಊರಿನಲ್ಲಿ ಮೂರು ದಿನ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ, ಹನ್ನೆರಡು ದಿನಗಳಲ್ಲಿ ಯುರೋಪಿನ ಎಂಟು ದೇಶ ನೋಡಿ ಬಂದ ದಂಪತಿಯ ಪ್ರವಾಸ ಲೇಖನ ಓದಿದೆ. ಚೆನ್ನಾಗಿ ಬರೆದಿದ್ದಾರೆ. ಆದರೆ ನೆದರ್ಲೆಂಡ್ಸ್‌ಗೆ ಅವರು ಕೊಟ್ಟದ್ದು ಒಂದು ಮಧ್ಯಾಹ್ನ ಮಾತ್ರ. ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ಗಂಟೆ ದೋಣಿ ವಿಹಾರ, ಆಮೇಲೆ ಮತ್ತೆ ಬಸ್ಸು. ನಾನು ಅದೇ ದೇಶದ ಇನ್ನೊಂದು ಊರಿನಲ್ಲಿ ಮೂರು ದಿನ ಇದ್ದು, ಕಾಲ್ನಡಿಗೆಯಲ್ಲೇ ಸುತ್ತಿ ಬಂದವಳು. ಅಲ್ಲಿ ಕಂಡ ಒಂದು ಸಂಗತಿಯನ್ನು ಮೈಸೂರಿನವರಿಗೆ ಹೇಳಲೇಬೇಕೆಂದು ಈ ಕಾಗದ. ಉದ್ದವಾಗುತ್ತದೆ, ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಎರಡೂ ಮೊಣಕಾಲು ಸವೆದಿವೆ. ‘ನಡೆಯುವುದನ್ನು ಬಿಡಬೇಡಿ, ಅವಸರ ಮಾತ್ರ ಬೇಡ’ ಎಂದು ವೈದ್ಯರು ಹೇಳಿದ್ದಾರೆ. ಮಗಳು ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾಳೆ. 2025ರ ಏಪ್ರಿಲ್‌ನಲ್ಲಿ ನಾನು ಅವಳಲ್ಲಿಗೆ ಹೋಗಿದ್ದಾಗ ಈಸ್ಟರ್ ಹಬ್ಬ ಬಂತು. ಅಲ್ಲಿ ಈಸ್ಟರ್ ಮರುದಿನ ಸೋಮವಾರವೂ ರಜೆ. ಶನಿವಾರ ಬೆಳಿಗ್ಗೆ ನಾನು, ಮಗಳು ಮತ್ತು ಏಳು ವರ್ಷದ ಮೊಮ್ಮಗಳು ಒಂದೊಂದು ಸಣ್ಣ ಚೀಲ ಹಿಡಿದು ಉಟ್ರೆಕ್ಟ್‌ಗೆ ಹೊರಟೆವು. ರೈಲಿನಲ್ಲಿ ಒಂದು ಗಂಟೆಯೂ ಹಿಡಿಯಲಿಲ್ಲ.

ಉಟ್ರೆಕ್ಟ್ ರೈಲು ನಿಲ್ದಾಣದ ಅಡಿಯಲ್ಲಿ 12,500 ಸೈಕಲ್ ನಿಲ್ಲಿಸುವ ಜಾಗವಿದೆ. ಮೊಮ್ಮಗಳಿಗೆ ಅದನ್ನು ನೋಡಿ ಮುಗಿಯಲೊಲ್ಲದು. ನನಗೆ ಬೇಕಾಗಿದ್ದ ಹಳೆಯ ಊರು ಅಲ್ಲಿಂದ ಕೆಲವೇ ನಿಮಿಷದ ನಡಿಗೆಯಲ್ಲಿತ್ತು.

ಉಟ್ರೆಕ್ಟ್‌ನ ನಡುವೆ ಔದೆಗ್ರಾಕ್ಟ್ ಎಂಬ ಕಾಲುವೆ ಹರಿಯುತ್ತದೆ. ‘ಹಳೆಯ ಕಾಲುವೆ’ ಎಂದೇ ಅದರ ಅರ್ಥ. ಊರಿಗೆ ನಗರದ ಹಕ್ಕು ಸಿಕ್ಕಿದ್ದು 1122ರಲ್ಲಿ. ಕಾಲುವೆ ತೋಡಿದ್ದೂ ಹೆಚ್ಚು ಕಡಿಮೆ ಆಗಲೇ. ಇದರಂಥ ಕಾಲುವೆಯನ್ನು ನಾನು ಚಿತ್ರದಲ್ಲೂ ಕಂಡಿರಲಿಲ್ಲ. ಮನೆಗಳ ಮುಂದೆ ರಸ್ತೆ. ರಸ್ತೆಯ ಅಂಚಿನಿಂದ ಮೆಟ್ಟಿಲಿಳಿದರೆ ಒಂದು ಅಂತಸ್ತಿನಷ್ಟು ಕೆಳಗೆ, ನೀರಿನ ಪಕ್ಕದಲ್ಲೇ, ಉದ್ದಕ್ಕೂ ಇಟ್ಟಿಗೆ ಹಾಸಿದ ಜಗಲಿ. ಜಗಲಿಯ ಹಿಂದಿನ ಗೋಡೆಯಲ್ಲಿ ಕಮಾನು ಬಾಗಿಲುಗಳು. ಒಳಗೆ ಹೊಕ್ಕರೆ ಮೇಲಿನ ರಸ್ತೆಯ ಅಡಿಯಿಂದ ಮನೆಯ ಬುಡದವರೆಗೆ ಹೋಗುವ ನೆಲಮಾಳಿಗೆ. ದೋಣಿಯಲ್ಲಿ ಬಂದ ಸರಕನ್ನು ಜಗಲಿಯ ಮೇಲೆ ಇಳಿಸಿ, ಅಲ್ಲಿಂದ ಹಾಗೆಯೇ ಮಾಳಿಗೆಗೆ ಉರುಳಿಸಿಬಿಡುತ್ತಿದ್ದರಂತೆ. ಈಗ ಆ ಮಾಳಿಗೆಗಳಲ್ಲಿ ಕಾಫಿ ಅಂಗಡಿ, ಹೋಟೆಲು, ಕಲಾವಿದರ ಕೋಣೆ, ಕೆಲವು ಕಡೆ ಜನರ ಮನೆ ಕೂಡ.

ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮಗಳ ಭುಜ ಹಿಡಿದು ನಿಧಾನವಾಗಿ ಇಳಿದೆ. ಕೆಳಗೆ ಬಂದ ಮೇಲೆ ಊರಿನ ಸದ್ದು ಪೂರ್ತಿ ತಲೆಯ ಮೇಲಕ್ಕೆ ಸರಿಯಿತು. ಸೈಕಲ್ ಗಂಟೆ, ಹೆಜ್ಜೆ, ಮಾತು ಎಲ್ಲವೂ ಮೇಲೆ. ಇಲ್ಲಿ ನೀರು ಮತ್ತು ಒಂದು ಬಾತುಕೋಳಿ. ಗೋಡೆಯ ಬಿರುಕಿನಲ್ಲಿ ಜರಿಗಿಡ ಬೆಳೆದಿತ್ತು. ಒಬ್ಬ ಮುದುಕರು ತಮ್ಮ ಮಾಳಿಗೆಯ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದರು. ನಾನು ಕೂರಲು ಜಾಗ ಹುಡುಕುತ್ತಿದ್ದುದನ್ನು ಕಂಡು ಒಳಗಿನಿಂದ ಇನ್ನೊಂದು ಕುರ್ಚಿ ತಂದಿಟ್ಟು, ಏನೂ ಮಾತಾಡದೆ ತಮ್ಮ ಕೆಲಸಕ್ಕೆ ಮರಳಿದರು. ಅರ್ಧ ಗಂಟೆ ಅಲ್ಲೇ ಕುಳಿತಿದ್ದೆ. ನಮ್ಮ ಅಜ್ಜಿಯ ಊರಿನಲ್ಲಿ ಕೆರೆಯ ಸೋಪಾನದ ಮೇಲೆ ಹೀಗೆ ಕೂರುತ್ತಿದ್ದೆವು.

ಆ ಮಧ್ಯಾಹ್ನ ಕಂಡ ಇನ್ನೊಂದನ್ನು ಹೇಳದಿರಲಾರೆ. ಕಾಲುವೆಯ ದಕ್ಷಿಣ ಭಾಗದ ರಸ್ತೆಯಲ್ಲಿ ಒಂದು ಕವಿತೆಯನ್ನು ನೆಲದ ಕಲ್ಲುಗಳಲ್ಲಿ ಕೆತ್ತುತ್ತಿದ್ದಾರೆ. ಒಂದು ಕಲ್ಲಿಗೆ ಒಂದು ಅಕ್ಷರ, ವಾರಕ್ಕೆ ಒಂದೇ ಅಕ್ಷರ, ಪ್ರತಿ ಶನಿವಾರ. 2012ರಿಂದ ನಡೆಯುತ್ತಿದೆ, ಮುಗಿಸುವ ದಿನವೆಂದು ಯಾವುದನ್ನೂ ಇಟ್ಟುಕೊಂಡಿಲ್ಲ. ಒಬ್ಬ ಕವಿ ತನ್ನ ಪಾಲು ಬರೆದ ಮೇಲೆ ಇನ್ನೊಬ್ಬರು ಮುಂದುವರಿಸುತ್ತಾರೆ. ಕಲ್ಲುಕುಟಿಗ ಮೊಣಕಾಲೂರಿ ಉಳಿ ಬಡಿಯುತ್ತಿದ್ದ. ಸುತ್ತ ಹತ್ತು ಹನ್ನೆರಡು ಜನ. ಅವನು ಕಲ್ಲಿನ ಪುಡಿ ಊದಿ ಒರೆಸಿದಾಗ ಅಕ್ಷರ ಬೆಳ್ಳಗೆ ಕಾಣಿಸಿತು. ಮೊಮ್ಮಗಳು ಬಗ್ಗಿ ಅದರ ಅಂಚನ್ನು ಬೆರಳಿನಿಂದ ಸವರಿದಳು. ಬರಲಿರುವ ಜನರೂ ಈ ರಸ್ತೆಯಲ್ಲಿ ನಡೆದೇ ಹೋಗುತ್ತಾರೆಂಬ ನಂಬಿಕೆ ಇಲ್ಲದ ಊರು ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲ.

ಊರಿನ ದೊಡ್ಡ ಗುರುತು ಡೋಮ್ ಎಂಬ ಹಳೆಯ ಚರ್ಚಿನ ಗೋಪುರ. 1321ರಿಂದ 1382ರವರೆಗೆ ಕಟ್ಟಿದ್ದು, ಎತ್ತರ 112 ಮೀಟರ್. 465 ಮೆಟ್ಟಿಲು ಹತ್ತುವ ಆಸೆ ನನಗಿರಲಿಲ್ಲ. ಮಗಳು ಮೊಮ್ಮಗಳನ್ನು ಕರೆದುಕೊಂಡು ಹತ್ತಿದಳು. ನಾನು ಕೆಳಗಿನ ಅಂಗಳದಲ್ಲಿ ಕುಳಿತೆ. ಆ ಅಂಗಳ ಒಂದು ಕಾಲಕ್ಕೆ ಚರ್ಚಿನ ಒಡಲಾಗಿತ್ತು. 1674ರ ಬಿರುಗಾಳಿಯಲ್ಲಿ ಅಷ್ಟು ಭಾಗ ಕುಸಿದು, ಗೋಪುರ ಒಂದು ಕಡೆ, ಚರ್ಚು ಇನ್ನೊಂದು ಕಡೆ ಉಳಿದವು. ಮತ್ತೆ ಕಟ್ಟಲಿಲ್ಲ. ಹಿಂದಿನ ಗೋಡೆ ಎಲ್ಲಿತ್ತೆಂದು ನೆಲದ ಕಲ್ಲಿನಲ್ಲಿ ಗುರುತು ಮಾಡಿದ್ದಾರೆ.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಭಾನುವಾರ ನಾವು ಹಳೆಯ ಊರನ್ನು ಒಂದು ಸುತ್ತು ಹಾಕಿದೆವು. ಕೋಟೆಯ ಸುತ್ತ ಇದ್ದ ಕಂದಕವನ್ನು ಅವರು ಸಿಂಗೆಲ್ ಎನ್ನುತ್ತಾರೆ. ಕೋಟೆಗೋಡೆ ಕೆಡವಿದ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಕಂದಕದ ದಡವನ್ನು ಉದ್ಯಾನವನ್ನಾಗಿ ಮಾಡಿದರು. ಸುತ್ತು ಸುಮಾರು ಆರು ಕಿಲೋಮೀಟರು. ನಡುವೆ ನಾಲ್ಕೈದು ಕಡೆ ಕುಳಿತು, ಬುತ್ತಿಯ ಚಪಾತಿ ತಿಂದು, ಬೆಳಿಗ್ಗೆ ಹೊರಟವರು ಸಂಜೆಗೆ ಮುಗಿಸಿದೆವು. ಪಶ್ಚಿಮಕ್ಕೆ, ರೈಲು ನಿಲ್ದಾಣದ ಕಡೆಗೆ ಬಂದಾಗ ನೀರು ಅಗಲವಾಗಿತ್ತು. ದಡದ ಇಳಿಜಾರಿನಲ್ಲಿ ಹುಲ್ಲು. ಹುಡುಗರು ಸಣ್ಣ ದೋಣಿಗಳಲ್ಲಿ ಹುಟ್ಟು ಹಾಕುತ್ತಿದ್ದರು. ಆಗ ಮಗಳು ಮೊಬೈಲಿನಲ್ಲಿ ಒಂದು ಹಳೆಯ ಚಿತ್ರ ತೆಗೆದು ನನ್ನ ಮುಂದೆ ಹಿಡಿದಳು. ‘ಅಮ್ಮ, ಇದು ಇದೇ ಜಾಗ’ ಎಂದಳು.

ಚಿತ್ರದಲ್ಲಿ ನೀರೇ ಇರಲಿಲ್ಲ. ತಗ್ಗಿನಲ್ಲಿ ಸಾಗುವ ಹಲವು ಪಥಗಳ ಹೆದ್ದಾರಿ, ಎರಡೂ ಕಡೆ ಕಾಂಕ್ರೀಟ್ ಗೋಡೆ, ನಡುವೆ ಕಾರುಗಳು. ಮೊಬೈಲನ್ನು ಕೈಯಲ್ಲಿ ಹಿಡಿದು ಚಿತ್ರ ನೋಡುತ್ತಿದ್ದೆ, ತಲೆಯೆತ್ತಿ ನೀರು ನೋಡುತ್ತಿದ್ದೆ. ಎಷ್ಟು ಬಾರಿ ಹಾಗೆ ಮಾಡಿದೆನೋ ತಿಳಿಯದು.

ನಡೆದದ್ದು ಇದು. ಕಾರುಗಳಿಗೆ ದಾರಿ ಬೇಕೆಂದು 1958ರಲ್ಲಿ ಸಂಚಾರ ತಜ್ಞರೊಬ್ಬರು ಈ ಕಂದಕವನ್ನು ಮುಚ್ಚಿ ರಸ್ತೆ ಮಾಡುವ ಯೋಜನೆ ಕೊಟ್ಟರು. ಜನ ಜಗಳವಾಡಿ ಬಹುಭಾಗ ಉಳಿಸಿಕೊಂಡರು. ಆದರೆ ಪಶ್ಚಿಮದ ಕಾತರೈನೆಸಿಂಗೆಲ್ ಎಂಬ ಭಾಗ ಉಳಿಯಲಿಲ್ಲ. 1970ರ ದಶಕದ ಆರಂಭದಲ್ಲಿ ಅಲ್ಲಿ ಹೆದ್ದಾರಿ ಬಂತು. ಮೂವತ್ತು ವರ್ಷ ಹಾಗೇ ಇತ್ತು. 2002ರಲ್ಲಿ ನಿಲ್ದಾಣದ ಸುತ್ತಲಿನ ಪ್ರದೇಶ ಹೇಗಿರಬೇಕೆಂದು ಊರಿನವರ ಮತ ಕೇಳಿದರು. ನೀರನ್ನು ಮರಳಿ ತರುವ ಯೋಜನೆಗೆ ಜನ ಮತ ಹಾಕಿದರು. 2010ರಲ್ಲಿ ರಸ್ತೆ ಮುಚ್ಚಿತು. ಉತ್ತರದ ತುಂಡಿಗೆ 2015ರಲ್ಲಿ ನೀರು ಬಂತು, ದಕ್ಷಿಣದ್ದಕ್ಕೆ 2020ರ ಸೆಪ್ಟೆಂಬರಿನಲ್ಲಿ. ಅಂದು ಊರಿನ ಸುತ್ತಿನ ನೀರು ಮತ್ತೆ ಒಂದಾಯಿತು. 2022ರಲ್ಲಿ ಈ ಕೆಲಸಕ್ಕೆ ಯುರೋಪಿನ ನಗರ ಸಾರ್ವಜನಿಕ ಸ್ಥಳಗಳ ಪ್ರಶಸ್ತಿ ಸಿಕ್ಕಿತು.

ಮತ ಹಾಕಿದ ದಿನದಿಂದ ನೀರು ಕೂಡುವವರೆಗೆ ಹದಿನೆಂಟು ವರ್ಷ ಎಂಬುದನ್ನು ದಯವಿಟ್ಟು ಗಮನಿಸಬೇಕು. ಅಂದು ಹುಟ್ಟಿದ ಮಗು ಮತದಾರನಾಗುವಷ್ಟು ಕಾಲ. ಅಷ್ಟು ವರ್ಷ ಹಿಡಿದ ಪಟ್ಟು ಬಿಡದೆ ಕೆಲಸ ನಡೆಸಿದರು. ಊರಿಗೆ ಬಂದು ಇದನ್ನು ಹೇಳಿದಾಗಲೆಲ್ಲ ‘ಅವರು ಶ್ರೀಮಂತರು, ಏನು ಬೇಕಾದರೂ ಮಾಡುತ್ತಾರೆ’ ಎಂಬ ಉತ್ತರ ಸಿಗುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಶ್ರೀಮಂತರೇ ಅಲ್ಲವೇ ಮೊದಲು ನೀರಿಗೆ ಮಣ್ಣು ಸುರಿದದ್ದು? ಮಾಡಿದ್ದು ತಪ್ಪು ಎಂದು ಹೇಳಲು ಹಣ ಬೇಕಾಗಿಲ್ಲ. ಅದನ್ನು ಹೇಳಿದ ಮೇಲಷ್ಟೇ ಹಣದ ಲೆಕ್ಕ.

ಸೋಮವಾರ ಬೆಳಿಗ್ಗೆ ಮೊಮ್ಮಗಳ ಹಟಕ್ಕೆ ಊರಿನ ಉತ್ತರ ತುದಿಗೆ ಹೋದೆವು. ಕಾಲುವೆಯ ನೀರು ವೆಕ್ಟ್ ನದಿಯನ್ನು ಸೇರುವ ಜಾಗದಲ್ಲಿ ವೇರ್ಡ್‌ಸ್ಲೌಸ್ ಎಂಬ ಹಳೆಯ ತೂಬು ಇದೆ. ದೋಣಿ ದಾಟಿಸುವ ಎರಡು ಬಾಗಿಲಿನ ತೂಬು ಅದು, ಬಾಗಿಲನ್ನು ಕೈಯಿಂದಲೇ ತಿರುಗಿಸುತ್ತಾರೆ. ವಸಂತದಲ್ಲಿ ಮೀನುಗಳು ಮೊಟ್ಟೆಯಿಡಲು ಊರಿನ ಕಾಲುವೆ ಹಾದು ಮೇಲಿನ ಕ್ರೊಮ್ಮೆ ರೈನ್ ಹೊಳೆಯ ಕಡೆಗೆ ಈಜುತ್ತವೆ. ಆ ದಿನಗಳಲ್ಲಿ ದೋಣಿ ಸಂಚಾರ ಕಡಿಮೆ, ಬಾಗಿಲು ಮುಚ್ಚಿಯೇ ಇರುತ್ತದೆ. ಮೀನುಗಳು ಬಾಗಿಲ ಮುಂದೆ ಗುಂಪುಗೂಡಿ ಹಕ್ಕಿಗಳ ಬಾಯಿಗೆ ಬೀಳುತ್ತವೆ. ಅದಕ್ಕೆ 2021ರಿಂದ ನೀರಿನೊಳಗೆ ಒಂದು ಕ್ಯಾಮೆರಾ ಇಟ್ಟಿದ್ದಾರೆ. ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ಅಂತರ್ಜಾಲದಲ್ಲಿ ಆ ಹಸಿರು ನೀರನ್ನು ನೋಡುತ್ತಾ, ಮೀನು ಕಂಡರೆ ಗಂಟೆ ಒತ್ತಬಹುದು. ಸುದ್ದಿ ತೂಬಿನವರಿಗೆ ಮುಟ್ಟುತ್ತದೆ, ಅವರು ಬಾಗಿಲು ತೆರೆಯುತ್ತಾರೆ.

ಹಿಂದಿನ ರಾತ್ರಿ ಕೋಣೆಯಲ್ಲಿ ಮೊಮ್ಮಗಳು ಹಾಸಿಗೆಯ ಮೇಲೆ ಬೋರಲು ಮಲಗಿ ಇಪ್ಪತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡಿದ್ದಳು. ಪಾಚಿಯ ಚೂರುಗಳು ತೇಲಿ ಹೋಗುತ್ತಿದ್ದವು, ಅಷ್ಟೇ. ಕೊನೆಗೆ ಮಸುಕಾದ ಒಂದು ಪಕ್ಕೆ, ಪಟ್ಟೆ ಪಟ್ಟೆಯ ಬೆನ್ನು, ಪರದೆಯ ಎಡಗಡೆಯಿಂದ ನಿಧಾನಕ್ಕೆ ಬಂದು ನಿಂತಿತು. ‘ಅಜ್ಜಿ, ಬಂತು!’ ಎಂದು ಒತ್ತಿಯೇ ಬಿಟ್ಟಳು. ಬೆಳಿಗ್ಗೆ ತೂಬಿನ ಪಕ್ಕ ನಿಂತು, ನೆನ್ನೆಯ ಮೀನು ದಾಟಿರಬಹುದೇ ಎಂದು ಹತ್ತು ಸಲ ಕೇಳಿದಳು. ನನಗೆ ನೆನಪಾದದ್ದು ನಮ್ಮ ಅಜ್ಜಿಯ ಊರಿನ ನೀರಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿತ್ತು. ಅವರು ತೀರಿಕೊಂಡ ಮೇಲೆ ಆ ಕೆಲಸಕ್ಕೆ ಯಾರೂ ಬರಲಿಲ್ಲ, ತೂಬು ಹೂತುಹೋಯಿತು.

ಮೈಸೂರಿನ ಮಾತು. ದೊಡ್ಡಕೆರೆ ಮೈದಾನದಲ್ಲಿ ಪ್ರತಿ ವರ್ಷ ದಸರಾ ವಸ್ತುಪ್ರದರ್ಶನ ನೋಡುತ್ತೇವೆ. ಸುಬ್ಬರಾಯನಕೆರೆಗೆ ಹೋಗಿ ಬರುತ್ತೇವೆ. ಎರಡು ಹೆಸರಿನಲ್ಲೂ ಕೆರೆ ಇದೆ, ನೆಲದಲ್ಲಿ ಇಲ್ಲ. ಊರಿಗೆ ನೀರು ತರಲೆಂದು ದಿವಾನ್ ಪೂರ್ಣಯ್ಯ ತೋಡಿಸಿದ ನಾಲೆ ಒತ್ತುವರಿಯಾಗಿ, ಹಲವು ಕಡೆ ಕೊಳಚೆ ಹರಿಯುವ ಚರಂಡಿಯಾಗಿದೆ. ಅದು ನಾಲೆ ಎಂಬುದೇ ಪಕ್ಕದ ಮನೆಯವರಿಗೆ ಗೊತ್ತಿಲ್ಲ. ಇದರಲ್ಲಿ ನನ್ನ ಪಾಲೂ ಇದೆ. ಮೂವತ್ತೊಂದು ವರ್ಷ ನೈಲ್ ನದಿಯನ್ನೂ ಸೂಯೆಜ್ ಕಾಲುವೆಯನ್ನೂ ನಕ್ಷೆಯಲ್ಲಿ ಗುರುತಿಸಲು ಕಲಿಸಿದೆ. ಒಂದು ದಿನವಾದರೂ ಮಕ್ಕಳನ್ನು ಪೂರ್ಣಯ್ಯ ನಾಲೆಯ ದಂಡೆಗೆ ಕರೆದೊಯ್ಯಲಿಲ್ಲ. ಇದು ನನ್ನನ್ನು ನೋಯಿಸುತ್ತದೆ.

ದೊಡ್ಡಕೆರೆಗೆ ನಾಳೆಯೇ ನೀರು ತುಂಬಿಸಿ ಎಂದು ನಾನು ಕೇಳುತ್ತಿಲ್ಲ. ಉಳಿದಿರುವ ನಾಲೆಯ ಮೇಲೆ ಇನ್ನು ಕಾಂಕ್ರೀಟ್ ಚಪ್ಪಡಿ ಹಾಕುವುದು ಬೇಡ. ಅದರ ಪಕ್ಕದಲ್ಲಿ, ನನ್ನಂಥ ಮೊಣಕಾಲಿನವರೂ ನಡೆಯಬಹುದಾದ ಒಂದು ದಾರಿಯನ್ನು, ಸಾಧ್ಯವಿರುವಷ್ಟು ಉದ್ದಕ್ಕೆ ತೆರವು ಮಾಡಿಕೊಡಲಿ. ನಡುವೆ ಕೂರಲು ಕಲ್ಲುಬೆಂಚು ಇರಲಿ. ನಡೆಯುವವರು ದಿನಾ ಕಣ್ಣಿಟ್ಟಿದ್ದರೆ ಕಸ ಸುರಿಯುವವರಿಗೂ ಒತ್ತುವರಿ ಮಾಡುವವರಿಗೂ ಸ್ವಲ್ಪವಾದರೂ ಅಂಜಿಕೆ ಇರುತ್ತದೆ.

ಸಂಪಾದಕರೇ, ತಮ್ಮಲ್ಲಿ ಒಂದು ಕೋರಿಕೆ. ಮಗಳ ಮೊಬೈಲಿನಲ್ಲಿದ್ದ ಆ ಒಂದು ಹಳೆಯ ಚಿತ್ರ ಇರದಿದ್ದರೆ ನಾನೂ ಆ ಜಾಗವನ್ನು ಚೆಂದದ ನೀರೆಂದು ನೋಡಿ ಮುಂದೆ ಹೋಗುತ್ತಿದ್ದೆ. ಪತ್ರಿಕೆಯ ಹಳೆಯ ಕಡತಗಳಲ್ಲಾಗಲಿ, ಓದುಗರ ಮನೆಯ ಆಲ್ಬಮ್‌ಗಳಲ್ಲಾಗಲಿ, ದೊಡ್ಡಕೆರೆ, ಸುಬ್ಬರಾಯನಕೆರೆಗಳಲ್ಲಿ ನೀರಿದ್ದ ದಿನಗಳ ಚಿತ್ರವಿದ್ದರೆ, ಪೂರ್ಣಯ್ಯ ನಾಲೆ ತಿಳಿಯಾಗಿ ಹರಿಯುತ್ತಿದ್ದ ಚಿತ್ರವಿದ್ದರೆ, ವಾರಕ್ಕೊಂದರಂತೆ ಪ್ರಕಟಿಸಿ. ಪಕ್ಕದಲ್ಲಿ ಅದೇ ಜಾಗದ ಇಂದಿನ ಚಿತ್ರವನ್ನೂ ಹಾಕಿ. ಚಿತ್ರ ಹುಡುಕಲು, ಹಿರಿಯರ ಮನೆಗೆ ಹೋಗಿ ಕೇಳಲು ನಾನು ಸಿದ್ಧಳಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಈಗಾಗಲೇ ಜೊತೆಗೆ ಬರುವುದಾಗಿ ಹೇಳಿದ್ದಾರೆ.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಮೈಸೂರು