ವೈವಾ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ನನ್ನ ಪಿಎಚ್‌ಡಿ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಹೋದ ವಾರ ಮುಗಿಯಿತು. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಮನಸಾರೆ ಧನ್ಯವಾದ. ಇಷ್ಟು ವರ್ಷ ಲ್ಯಾಬಿನಲ್ಲಿ ಮಾಡಿದ್ದೇನು ಅಂತ ಸುಮಾರು ಜನ ಕೇಳಿದ್ದೀರಿ. ಅದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಿಗೆ ಯಾಕೆ ಥ್ಯಾಂಕ್ಸ್ ಅಂತ ಗೊತ್ತಾಗುವುದಿಲ್ಲ.

ಹೈಡ್ರೋಕ್ವಿನೋನ್ ಅಂತ ಒಂದು ಸಣ್ಣ ಅಣು. ಆರು ಇಂಗಾಲಗಳ ಬೆಂಜೀನ್ ಉಂಗುರದ ಎದುರುಬದುರು ತುದಿಯಲ್ಲಿ ಒಂದೊಂದು ಒಎಚ್ ಗುಂಪು (ಒಂದು ಆಮ್ಲಜನಕ, ಒಂದು ಹೈಡ್ರೋಜನ್), ಅಷ್ಟೇ. ಆರು ಅಣುಗಳ ಒಎಚ್‌ಗಳು ಹೈಡ್ರೋಜನ್ ಬಂಧದಿಂದ (ಒಂದರ ಹೈಡ್ರೋಜನ್ ಪಕ್ಕದ್ದರ ಆಮ್ಲಜನಕವನ್ನು ಸೆಳೆದು ಹಿಡಿಯುವುದು) ಹೆಣೆದುಕೊಂಡು ಆರು ಮೂಲೆಯ ಬಳೆಯಾಗುತ್ತವೆ, ಎರಡು ಬಳೆಗಳ ನಡುವೆ ಒಂದು ಗೂಡು ಉಳಿಯುತ್ತದೆ, ಆ ಗೂಡಿನಲ್ಲಿ ಬೇರೆ ಅಣು ಬಂದು ಸಿಕ್ಕಿಕೊಳ್ಳುತ್ತದೆ. ಯಾವುದರ ಜೊತೆಗೂ ಸುಲಭವಾಗಿ ಸೇರದ ಆರ್ಗಾನ್ ಅನಿಲ ಕೂಡ! ಅದಕ್ಕೂ ಗೂಡಿಗೂ ಬಂಧವೇನೂ ಇಲ್ಲ, ಆದರೆ ಹೊರಬರಲು ದಾರಿ ಇಲ್ಲ. ಘಾಟು ವಾಸನೆಯ ಸಲ್ಫರ್ ಡೈಆಕ್ಸೈಡ್ ಅನಿಲ ಹಿಡಿದಿಟ್ಟ ಹರಳಿಗೆ ವಾಸನೆಯೇ ಇರುವುದಿಲ್ಲ, ನೀರಲ್ಲಿ ಕರಗಿಸಿದರೆ ಮೂಗಿಗೆ ಹೊಡೆಯುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರ್ 1849ರಲ್ಲೇ ಇಂಥ ಹರಳು ಮಾಡಿದ್ದರು. ಗೂಡು ಹೇಗಿದೆ ಅಂತ ಗೊತ್ತಾಗಿದ್ದು ಮಾತ್ರ 1940ರ ದಶಕದಲ್ಲಿ, ಆಕ್ಸ್‌ಫರ್ಡ್‌ನ ಪಾಲಿನ್ ಮತ್ತು ಪೊವೆಲ್ ಅವರ ಎಕ್ಸ್-ರೇ ಕೆಲಸದಿಂದ. ಹರಳಿನ ಮೇಲೆ ಎಕ್ಸ್-ರೇ ಬಿಟ್ಟರೆ ಅದು ಚದುರುವ ರೀತಿಯಿಂದ ಯಾವ ಪರಮಾಣು ಎಲ್ಲಿದೆ ಅಂತ ಲೆಕ್ಕ ಹಾಕಬಹುದು.

ನಮ್ಮ ಗೈಡ್ ಮೇಡಂಗೆ ಮೊದಲ ನಮಸ್ಕಾರ. ಒಂದು ಇಂಗಾಲದ ಆಲ್ಕೋಹಾಲ್ ಮೆಥನಾಲ್ ಗೂಡಿನಲ್ಲಿ ಹಿಡಿಸುತ್ತದೆ, ಎರಡು ಇಂಗಾಲದ ಎಥನಾಲ್ ಸಾಮಾನ್ಯವಾಗಿ ಹಿಡಿಸುವುದಿಲ್ಲ, ಒಂದು ಇಂಗಾಲ ಜಾಸ್ತಿಯಾದರೆ ಯಾಕೆ ಹೀಗೆ ಅಂತ ಅವರು ಕೇಳಿದ ಪ್ರಶ್ನೆಯಿಂದಲೇ ನನ್ನ ಕೆಲಸ ಶುರುವಾಗಿದ್ದು.

ಎಕ್ಸ್-ರೇ ಮೆಷಿನ್ ನೋಡಿಕೊಳ್ಳುವ ಅಣ್ಣನಿಗೆ ಎಷ್ಟು ಹೇಳಿದರೂ ಕಡಿಮೆ. ಹರಳನ್ನು ಎಣ್ಣೆ ಹನಿಯಲ್ಲಿ ಅದ್ದಿ, ಮೈಕ್ರೋಸ್ಕೋಪ್ ಕೆಳಗೆ ಬಿರುಕಿಲ್ಲದ್ದನ್ನು ಆರಿಸಿ, ಸಣ್ಣ ಕುಣಿಕೆಯಲ್ಲಿ ಎತ್ತಿ, 100 ಕೆಲ್ವಿನ್ (ಸುಮಾರು ಮೈನಸ್ 173 ಡಿಗ್ರಿ ಸೆಲ್ಸಿಯಸ್) ತಣ್ಣನೆ ನೈಟ್ರೋಜನ್ ಗಾಳಿಯಲ್ಲಿ ನಿಲ್ಲಿಸುವುದನ್ನು ಕಲಿಸಿದ್ದು ಅವರು. ಎಕ್ಸ್-ರೇಯನ್ನು ಚದುರಿಸುವುದು ಎಲೆಕ್ಟ್ರಾನ್‌ಗಳು. ಹೈಡ್ರೋಜನ್‌ಗೆ ಇರುವುದು ಒಂದೇ ಎಲೆಕ್ಟ್ರಾನ್, ಹಾಗಾಗಿ ಎಕ್ಸ್-ರೇಗೆ ಸರಿಯಾಗಿ ಕಾಣುವುದಿಲ್ಲ. ಡೇಟಾ ಚೆನ್ನಾಗಿದ್ದರೆ ಮಾತ್ರ, ಸುಮಾರು 2.7 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ದೂರದ ಎರಡು ಆಮ್ಲಜನಕಗಳ ನಡುವೆ ನಕ್ಷೆಯಲ್ಲಿ ಒಂದು ಪುಟ್ಟ ಉಬ್ಬು ಏಳುತ್ತದೆ, ಅದೇ ಹೈಡ್ರೋಜನ್. ಅದು ಕಂಡ ರಾತ್ರಿ ಇಬ್ಬರೂ ಊಟ ಮರೆತು ಸ್ಕ್ರೀನ್ ನೋಡುತ್ತಾ ಕೂತಿದ್ದೆವು.

ವೈವಾದಲ್ಲಿ ಹೈಡ್ರೋಜನ್ ಬಂಧ ಅಂದರೇನು ಅಂತ ಕೇಳಿಯೇ ಕೇಳಿದರು. 2011ರಲ್ಲಿ ಐಯುಪಿಎಸಿ (ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ) ಕೊಟ್ಟ ವ್ಯಾಖ್ಯೆ ಹೇಳಿದೆ. ಅದನ್ನು ರೂಪಿಸಿದ ತಂಡದ ಮುಂದಾಳು ನಮ್ಮ ಬೆಂಗಳೂರಿನ ಐಐಎಸ್‌ಸಿಯ ಅರುಣನ್ ಅವರು ಅನ್ನುವುದು ನನಗೆ ದೊಡ್ಡ ಹೆಮ್ಮೆ.

ಅಮ್ಮನಿಗೆ, ಮತ್ತೆ ಫೀಸು ಕಟ್ಟಿದ ಸೋದರಮಾವನಿಗೆ. ಮಾವನ ಫೋಟೋ ಸ್ಟುಡಿಯೋದಲ್ಲಿ ಫೋಟೋ ಮೂಡಿಸುವ ದ್ರಾವಣ, ಡೆವಲಪರ್ ಅಂತ ಕಲಸುತ್ತಿದ್ದರಲ್ಲ, ಅದರಲ್ಲಿ ಇದೇ ಹೈಡ್ರೋಕ್ವಿನೋನ್ ಇತ್ತು ಮಾವ. ಕತ್ತಲೆ ಕೋಣೆಯಲ್ಲಿ ಆ ಕಪ್ಪು-ಬಿಳುಪು ಫೋಟೋಗಳು ಮೂಡುತ್ತಿದ್ದದ್ದು ಅದರಿಂದಲೇ.

ಜೂನಿಯರ್‌ಗಳಿಗೆ ತುಂಬಾ ಪ್ರೀತಿ. ನನ್ನ ಹರಳುಗಳನ್ನೆಲ್ಲ ಲೇಬಲ್ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇನೆ. ಹೈಡ್ರೋಕ್ವಿನೋನ್ ಗಾಳಿ ಬೆಳಕಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಬಾಟಲಿ ಬಿಗಿಯಾಗಿ ಮುಚ್ಚಿ. ಏನಾದರೂ ಕೇಳಬೇಕಿದ್ದರೆ ಯಾವಾಗ ಬೇಕಾದರೂ ಫೋನ್ ಮಾಡಿ.