ಆಯ್ದುಕೊಟ್ಟವರ ಕೈಯನ್ನೂ ಓದಬೇಕು

ಮೈಸೂರು

ಚಿರಂಜೀವಿ ಮೈತ್ರೇಯಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿ ನೀನು, ನಿನ್ನ ಅಮ್ಮ, ಅಪ್ಪ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿನ್ನ ಪತ್ರ ತಲುಪಿತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅಚ್ಚಾದ ನೀತಿ ಮತ್ತು ಭಕ್ತಿಯ ಗದ್ಯಪದ್ಯ ಸಂಕಲನಗಳನ್ನು ಸಂಶೋಧನೆಗೆ ಆರಿಸಿಕೊಂಡ ಮೇಲೆ, ‘ಬೇರೆಯವರು ಬರೆದದ್ದನ್ನು ಕತ್ತರಿಸಿ ಜೋಡಿಸಿದ ಪುಸ್ತಕಗಳಲ್ಲಿ ಸಂಶೋಧಿಸುವುದಕ್ಕೆ ಏನಿದೆ’ ಎಂದು ವಿಚಾರ ಸಂಕಿರಣವೊಂದರಲ್ಲಿ ಯಾರೋ ಕೇಳಿದರೆಂದೂ, ಅಂದಿನಿಂದ ನಿನ್ನ ಮನಸ್ಸು ಕದಡಿ ವಿಷಯವನ್ನು ಕಾದಂಬರಿಗೆ ಬದಲಿಸಿಕೊಳ್ಳಲೇ ಎಂಬ ಯೋಚನೆ ಬಂದಿದೆಯೆಂದೂ ಬರೆದಿದ್ದೀಯೆ. ಬದಲಿಸಬೇಡ. ಇದನ್ನು ನಿನ್ನನ್ನು ಸಮಾಧಾನಪಡಿಸಲು ಹೇಳುತ್ತಿಲ್ಲ. ಇಂಗ್ಲಿಷ್ ಸಾಹಿತ್ಯವನ್ನು ಬಹುಕಾಲ ಪಾಠ ಮಾಡಿದವಳಾಗಿ ಹೇಳುತ್ತಿದ್ದೇನೆ. ಆ ಶತಮಾನದ ಸಾಮಾನ್ಯ ಓದುಗನ ಮನೆಗೆ ಮಿಲ್ಟನ್, ಪೋಪ್, ಆಡಿಸನ್ ಹೋಗಿ ತಲುಪಿದ್ದು ಬಹುಮಟ್ಟಿಗೆ ಈ ಸಂಕಲನಗಳ ಮೂಲಕವೇ. ಕವಿ ಏನು ಬರೆದ ಎಂಬುದನ್ನು ಬಲ್ಲವರು ಬೇಕಾದಷ್ಟು ಜನರಿದ್ದಾರೆ. ಅದರಲ್ಲಿ ಎಷ್ಟು, ಯಾವ ರೂಪದಲ್ಲಿ, ಯಾರ ಕೈಗೆ ಸಿಕ್ಕಿತು ಎಂಬುದನ್ನು ಶ್ರದ್ಧೆಯಿಂದ ವಿಚಾರಿಸಿದವರು ಕಡಮೆ.

ಜಾನ್ ವೆಸ್ಲಿಯಿಂದ ಆರಂಭಿಸು. ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಈ ಪ್ರವರ್ತಕ 1744ರಲ್ಲಿ ಬ್ರಿಸ್ಟಲ್ ನಗರದಲ್ಲಿ ‘ಎ ಕಲೆಕ್ಷನ್ ಆಫ್ ಮಾರಲ್ ಅಂಡ್ ಸೇಕ್ರೆಡ್ ಪೊಯೆಮ್ಸ್’ ಎಂಬ ಮೂರು ಸಂಪುಟಗಳನ್ನು ಅಚ್ಚು ಹಾಕಿಸಿ ಹಂಟಿಂಗ್ಡನ್ನಿನ ಕೌಂಟೆಸ್‌ಗೆ ಅರ್ಪಿಸಿದ. ಎಡ್ವರ್ಡ್ ಯಂಗ್‌ನ ‘ನೈಟ್ ಥಾಟ್ಸ್’ ಎಂಬ ದೀರ್ಘ ಕವಿತೆ ಆಗ ಇನ್ನೂ ಭಾಗಭಾಗವಾಗಿ ಪ್ರಕಟವಾಗುತ್ತಲೇ ಇತ್ತು. ಹಾಗಿದ್ದೂ ಅದರ ದೊಡ್ಡ ಭಾಗ ವೆಸ್ಲಿಯ ಸಂಕಲನದೊಳಗೆ ಬಂದು ಕುಳಿತಿತು. ಹಕ್ಕು ಪಡೆದಿದ್ದ ಪ್ರಕಾಶಕ ರಾಬರ್ಟ್ ಡಾಡ್ಸ್ಲಿ ಆಕ್ಷೇಪಿಸಿದಾಗ ವೆಸ್ಲಿ 50 ಪೌಂಡ್ ಕೊಡಲು ಒಪ್ಪಿ ವ್ಯವಹಾರ ಮುಗಿಸಿಕೊಳ್ಳಬೇಕಾಯಿತು. ಧರ್ಮಪ್ರಚಾರಕನೊಬ್ಬನು ಪರರ ಸೊತ್ತನ್ನು ಅಪ್ಪಣೆಯಿಲ್ಲದೆ ಮುದ್ರಿಸಿದನೆಂದು ಇದನ್ನು ಕಂಡಕೂಡಲೇ ತೀರ್ಪು ಬರೆಯುವುದು ಸುಲಭ. ನೀನು ಅಲ್ಲಿಗೆ ನಿಲ್ಲಬಾರದು. ಸದ್ಗುಣಕ್ಕೆ ನೆರವಾಗುವ ಪದ್ಯ ಎಲ್ಲರ ಉಪಯೋಗಕ್ಕೂ ಇರಬೇಕೆಂದು ನಂಬಿದವನ ಕಣ್ಣಿಗೆ ಕವಿತೆ ಹೇಗೆ ಕಾಣುತ್ತಿತ್ತು, ಹಣ ಕೊಟ್ಟು ಅದರ ಹಕ್ಕನ್ನು ಕೊಂಡವನ ಕಣ್ಣಿಗೆ ಹೇಗೆ ಕಾಣುತ್ತಿತ್ತು ಎಂಬುದನ್ನು ಎದುರುಬದುರಾಗಿ ಇಟ್ಟು ನೋಡಬೇಕು.

ಅದೇ ವೆಸ್ಲಿ 1749ರಿಂದ 1755ರವರೆಗೆ ‘ಕ್ರಿಶ್ಚಿಯನ್ ಲೈಬ್ರರಿ’ ಎಂಬ ಹೆಸರಿನಲ್ಲಿ ಭಕ್ತಿಗ್ರಂಥಗಳ ಸಾರವನ್ನು 50 ಸಂಪುಟಗಳಲ್ಲಿ ಸಂಗ್ರಹಿಸಿಕೊಟ್ಟ. 1763ರಲ್ಲಿ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯವನ್ನೇ ಸಂಕ್ಷೇಪಿಸಿದ. ಈ ಸಂಕ್ಷೇಪವನ್ನು ನೀನು ಬಿಡುವು ಮಾಡಿಕೊಂಡು ಮೂಲದೊಡನೆ ಸಾಲುಸಾಲಾಗಿ ಹೋಲಿಸಿ ನೋಡಬೇಕೆಂಬುದು ನನ್ನ ಆಸೆ. ಗ್ರೀಕ್ ಮತ್ತು ರೋಮನ್ ಪುರಾಣಗಳನ್ನು ಬಲ್ಲವರಿಗೆ ಮಾತ್ರ ತಿಳಿಯುವ ಉಪಮೆಗಳೂ ಉಲ್ಲೇಖಗಳೂ ಹೆಚ್ಚಾಗಿ ಬಿದ್ದುಹೋಗಿವೆ. ಉಳಿದ ಸಾಲುಗಳಲ್ಲಿ ಅತ್ಯುತ್ತಮವೆಂದು ತೋರಿದವುಗಳಿಗೆ, ಬಾಯಿಪಾಠ ಮಾಡಬೇಕಾದವುಗಳಿಗೆ, ನಕ್ಷತ್ರದ ಗುರುತಿದೆ. ಲ್ಯಾಟಿನ್ ಕಲಿಯುವ ಅವಕಾಶವೇ ಇಲ್ಲದ ದುಡಿಯುವ ಜನ ಮಿಲ್ಟನ್ನನನ್ನು ಓದಲಿ ಎಂದು ಹೊರಟವನು ಮಾಡಿದ ಕೆಲಸ ಅದು. ಕಾವ್ಯಕ್ಕೆ ನಷ್ಟವಾಗಿದೆ, ಅದನ್ನು ಮುಚ್ಚಿಡುವುದು ಬೇಡ. ಮಿಲ್ಟನ್ನನ ಉಪಮೆಗಳು ಹೋದರೆ ಅವನ ಉಸಿರೇ ಕಟ್ಟಿದಂತಾಗುತ್ತದೆ. ಆದರೆ ಆ ಸಂಕ್ಷೇಪವೂ ಇಲ್ಲದಿದ್ದರೆ ಆ ಓದುಗರಿಗೆ ಮಿಲ್ಟನ್ ಎಂಬ ಹೆಸರು ಮಾತ್ರ ಸಿಗುತ್ತಿತ್ತು. ನಿನ್ನ ಪ್ರಬಂಧದಲ್ಲಿ ಈ ಎರಡೂ ಮಾತುಗಳಿಗೆ ಎಡೆಯಿರಲಿ.

ಅಕ್ಕಿ ಆರಿಸಿದವರ ಕಣ್ಣು ಎಂಥದ್ದೆಂದು ತಿಳಿಯಬೇಕಾದರೆ ಮೊರದಲ್ಲಿ ಉಳಿದದ್ದರ ಜೊತೆಗೆ ಹೊರಗೆ ಬಿದ್ದದ್ದನ್ನೂ ನೋಡಬೇಕು. ಕಾದಂಬರಿಕಾರ ಲಾರೆನ್ಸ್ ಸ್ಟರ್ನ್‌ನ ವಿಷಯದಲ್ಲಿ ಇದು ಸ್ಪಷ್ಟವಾಗುತ್ತದೆ. 1782ರಲ್ಲಿ ‘ದಿ ಬ್ಯೂಟೀಸ್ ಆಫ್ ಸ್ಟರ್ನ್’ ಎಂಬ ಸಂಕಲನ ಬಂತು. ಕರುಣರಸದ ಕಥೆಗಳನ್ನೆಲ್ಲ ಆಯ್ದು, ಸಹೃದಯರ ಹೃದಯಕ್ಕಾಗಿ ಎಂದು ಮುಖಪುಟದಲ್ಲೇ ಹೇಳಿಕೊಂಡ ಪುಸ್ತಕ. ಅದರಲ್ಲಿ ‘ಟ್ರಿಸ್ಟ್ರಮ್ ಶ್ಯಾಂಡಿ’ ಕಾದಂಬರಿಯ ಲೆಫೀವರನ ಕಥೆಯಿದೆ. ಬಡ ಸೈನಿಕಾಧಿಕಾರಿಯೊಬ್ಬ ಹೋಟೆಲಿನ ಕೋಣೆಯಲ್ಲಿ ಸಾಯುತ್ತಿದ್ದಾನೆ. ಅವನು ಸಾಯಕೂಡದೆಂದು ಟೋಬಿ ಚಿಕ್ಕಪ್ಪ ದೇವರ ಹೆಸರೆತ್ತಿ ಆಣೆಯಿಡುತ್ತಾನೆ. ಆ ಆಣೆಯನ್ನು ಪಾಪವೆಂದು ದೂರಲು ಸ್ವರ್ಗಕ್ಕೆ ಒಯ್ದ ದೂತ ಅದನ್ನು ಒಪ್ಪಿಸುವಾಗ ನಾಚುತ್ತಾನೆ. ಲೆಕ್ಕ ಬರೆಯುವ ದೇವದೂತ ಅದನ್ನು ಬರೆದುಕೊಳ್ಳುತ್ತ ಒಂದು ಹನಿ ಕಣ್ಣೀರು ಬೀಳಿಸಿ ಆ ಮಾತನ್ನು ಅಳಿಸಿಹಾಕುತ್ತಾನೆ. ಎಷ್ಟು ಸಲ ಓದಿದರೂ ಮನಸ್ಸು ಕರಗುವ ಜಾಗ ಅದು. ಕಾದಂಬರಿಯಲ್ಲಾದರೋ ಲೆಫೀವರನ ನಾಡಿ ನಿಂತು, ಮತ್ತೆ ಮಿಡಿದು, ಮತ್ತೆ ನಿಂತು, ‘ಮುಂದುವರಿಸಲೇ?’ ಎಂದು ಲೇಖಕ ಕೇಳಿ, ‘ಬೇಡ’ ಎಂದು ತಾನೇ ಉತ್ತರಿಸಿ ಅಧ್ಯಾಯ ಮುಗಿಸುತ್ತಾನೆ. ಆ ಅಧ್ಯಾಯದ ಹಿಂದೆಯೂ ಮುಂದೆಯೂ ಅವನ ಚೇಷ್ಟೆ, ದ್ವಂದ್ವಾರ್ಥ, ಅಡ್ಡಹಾದಿಯ ಹರಟೆ ಎಲ್ಲ ಇವೆ. ಸಂಕಲನಕಾರ ಅವನ್ನೆಲ್ಲ ಹೊರಗಿಟ್ಟ. ಹಾಗಾಗಿ ನಗು ಮತ್ತು ಅಳುವನ್ನು ಒಂದೇ ಉಸಿರಿನಲ್ಲಿ ಆಡಿದ ಲೇಖಕನೊಬ್ಬನು ಸಾವಿರಾರು ಮನೆಗಳಿಗೆ ಕೇವಲ ಕಣ್ಣೀರಿನ ಲೇಖಕನಾಗಿ ಪರಿಚಯವಾದ. ನಿನ್ನ ಒಂದು ಅಧ್ಯಾಯಕ್ಕೆ ಇದೊಂದೇ ಉದಾಹರಣೆ ಸಾಕು. ಮೂಲದ ಆ ಸಂಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮೇಲೆಯೇ ಅದನ್ನು ಬರೆಯಲು ಕೂರು.

ಕಾನೂನಿನ ಇತಿಹಾಸವನ್ನು ಸರಿಯಾಗಿ ತಿಳಿದುಕೋ. 1710ರ ಆನ್ ರಾಣಿಯ ಕಾಯಿದೆ ಹೊಸ ಪುಸ್ತಕದ ಹಕ್ಕಿಗೆ 14 ವರ್ಷ, ಲೇಖಕ ಬದುಕಿದ್ದರೆ ಇನ್ನೊಂದು 14 ವರ್ಷ ಎಂದು ಅವಧಿ ಹಾಕಿದ್ದರೂ, ಲಂಡನ್ನಿನ ಪುಸ್ತಕ ವ್ಯಾಪಾರಿಗಳು ತಮ್ಮ ಹಕ್ಕು ಶಾಶ್ವತವೆಂದೇ ಸಾಧಿಸುತ್ತ ಬಂದಿದ್ದರು. 1774ರಲ್ಲಿ ಡೊನಾಲ್ಡ್‌ಸನ್ ಮತ್ತು ಬೆಕೆಟ್ ನಡುವಣ ಮೊಕದ್ದಮೆಯಲ್ಲಿ ಬ್ರಿಟನ್ನಿನ ಮೇಲ್ಮನೆ ಆ ವಾದವನ್ನು ತಳ್ಳಿಹಾಕಿತು. ಅಲ್ಲಿಂದಾಚೆಗೆ ಹಳೆಯ ಕವಿಗಳನ್ನು ಯಾರು ಬೇಕಾದರೂ ಮುದ್ರಿಸಬಹುದಾಯಿತು; ಸಂಕಲನಗಳು ದಪ್ಪವೂ ಆದವು, ಹೆಚ್ಚೂ ಆದವು. ಆದರೆ ವಿಲಿಯಂ ಎನ್‌ಫೀಲ್ಡ್‌ನ ‘ದಿ ಸ್ಪೀಕರ್’ ಸಂಕಲನ ಅದೇ 1774ರಲ್ಲೇ ಹೊರಬಂದದ್ದು ಎಂಬುದನ್ನು ಮರೆತು, ಎಲ್ಲವೂ ಆ ತೀರ್ಪಿನ ಫಲವೆಂದು ಬರೆದುಬಿಡಬೇಡ. ಎನ್‌ಫೀಲ್ಡ್ ಪಾಠ ಹೇಳುತ್ತಿದ್ದದ್ದು ವಾರಿಂಗ್ಟನ್ ಅಕಾಡೆಮಿಯಲ್ಲಿ. ಆಂಗ್ಲಿಕನ್ ಚರ್ಚಿನ ವಿಧಿಗಳಿಗೆ ಸಹಿ ಹಾಕಲು ಒಪ್ಪದವರಿಗೆ ಆಕ್ಸ್‌ಫರ್ಡ್‌ನಲ್ಲಿ ಪ್ರವೇಶವಿರಲಿಲ್ಲ, ಕೇಂಬ್ರಿಡ್ಜ್‌ನಲ್ಲಿ ಪದವಿಯಿರಲಿಲ್ಲ. ಅಂಥ ಮನೆಗಳ ಮಕ್ಕಳು ಓದುತ್ತಿದ್ದ ಸಂಸ್ಥೆ ಅದು. ಸೂಕ್ತಿಗಳಿಂದ ಆರಂಭವಾಗಿ ಕಥನ, ಬೋಧನೆ, ವಾದ, ಭಾಷಣ, ಸಂಭಾಷಣೆ, ವರ್ಣನೆ, ಕರುಣ ಎಂದು ವಿಂಗಡವಾಗಿರುವ ಆ ಪುಸ್ತಕ, ಗಟ್ಟಿಯಾಗಿ ಓದಿ ಧ್ವನಿಯನ್ನೂ ಮನಸ್ಸನ್ನೂ ಒಟ್ಟಿಗೆ ತಿದ್ದಿಕೊಳ್ಳುವುದಕ್ಕೆಂದು ಸಿದ್ಧವಾದದ್ದು. ಅದನ್ನು ಕಣ್ಣಿನಲ್ಲಿ ಮಾತ್ರ ಓದಿದರೆ ಅರ್ಧ ಓದಿದಂತೆ. ನಿನ್ನ ಕೋಣೆಯಲ್ಲಿ ಬಾಯಿಬಿಟ್ಟು ಓದು.

ಟನ್‌ಬ್ರಿಡ್ಜ್ ಶಾಲೆಯ ಮುಖ್ಯೋಪಾಧ್ಯಾಯ ವೈಸೆಸಿಮಸ್ ನಾಕ್ಸ್ 1780ರ ದಶಕದಲ್ಲಿ ಹೊರತಂದ ‘ಎಲಿಗೆಂಟ್ ಎಕ್ಸ್‌ಟ್ರಾಕ್ಟ್ಸ್’ ಸಂಪುಟಗಳ ಬಗ್ಗೆ ನೀನೇ ಸಾಕಷ್ಟು ಬರೆದಿದ್ದೀಯೆ. ಒಂದು ವಿಷಯ ಮಾತ್ರ ಸೇರಿಸುತ್ತೇನೆ. ಅದರ ಪದ್ಯಸಂಪುಟದಲ್ಲಿ ದೈವಿಕ ಮತ್ತು ನೈತಿಕ ಪದ್ಯಗಳದ್ದೇ ಮೊದಲ ಭಾಗ. ಹಾಡು, ಚುಟುಕಗಳಿಗೆ ಕೊನೆಯ ಜಾಗ. ಮಗುವಿನ ಕೈಗೆ ಪುಸ್ತಕ ಕೊಟ್ಟಾಗ ಮೊದಲು ತೆರೆಯುವ ಪುಟ ಯಾವುದಾಗಿರಬೇಕೆಂಬ ನಿರ್ಧಾರ ಅಲ್ಲಿದೆ. ಜೇನ್ ಆಸ್ಟಿನ್‌ಳ ‘ಎಮ್ಮಾ’ದಲ್ಲಿ ರಾಬರ್ಟ್ ಮಾರ್ಟಿನ್ ಎಂಬ ಯುವ ರೈತ ಸಂಜೆ ಇಸ್ಪೀಟು ಆಟಕ್ಕೆ ಮೊದಲು ಮನೆಯವರಿಗೆ ಇದೇ ಪುಸ್ತಕದಿಂದ ಓದಿ ಹೇಳುತ್ತಿದ್ದನೆಂಬ ಮಾತು ಬರುತ್ತದೆ. ಎಮ್ಮಾಳಿಗೆ ಅವನ ಬಗ್ಗೆ ತಾತ್ಸಾರವಿತ್ತು. ನಿನಗೆ ಅದು ಬರದಿರಲಿ.

ಇನ್ನು ಮೇರಿ ವುಲ್‌ಸ್ಟನ್‌ಕ್ರಾಫ್ಟ್. 1789ರಲ್ಲಿ ಅವಳು ‘ದಿ ಫೀಮೇಲ್ ರೀಡರ್’ ಸಂಕಲನವನ್ನು ಕ್ರೆಸ್ವಿಕ್ ಎಂಬ ಗಂಡಸಿನ ಹೆಸರಿನಲ್ಲಿ ಹೊರತಂದಳು. ಎನ್‌ಫೀಲ್ಡ್‌ನ ಪುಸ್ತಕವೇ ಅದಕ್ಕೆ ಮಾದರಿ. ಬೈಬಲ್ಲು, ಶೇಕ್ಸ್‌ಪಿಯರ್, ಕೂಪರ್ ಇವರ ಜೊತೆಗೆ ಹೆಸ್ಟರ್ ಶಪೋನ್, ಸಾರಾ ಟ್ರಿಮ್ಮರ್, ಅನ್ನಾ ಬಾರ್ಬಾಲ್ಡ್ ಮೊದಲಾದ ಹೆಂಗಸರ ಬರಹಗಳನ್ನೂ, ತಾನೇ ರಚಿಸಿದ ಪ್ರಾರ್ಥನೆಗಳನ್ನೂ ಸೇರಿಸಿದಳು. ಮೂರು ವರ್ಷಗಳ ಅನಂತರ, 1792ರಲ್ಲಿ, ಸ್ತ್ರೀಯರ ಹಕ್ಕುಗಳ ಸಮರ್ಥನೆಯ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅದೇ ಬಾರ್ಬಾಲ್ಡಳ ಪದ್ಯವೊಂದನ್ನು, ಹೆಣ್ಣನ್ನು ಹೂವಿಗೆ ಹೋಲಿಸಿ ಮೆಚ್ಚಿಸುವುದೇ ಅವಳ ರಾಜ್ಯಭಾರವೆಂದು ಹೇಳುವ ಪದ್ಯವನ್ನು, ಉದ್ಧರಿಸಿ ಕಟುವಾಗಿ ಖಂಡಿಸಿದಳು. ಒಬ್ಬ ಲೇಖಕಿಯಿಂದ ಯಾವುದನ್ನು ಮಕ್ಕಳ ಕೈಗೆ ಕೊಡಬೇಕು, ಯಾವುದರೊಡನೆ ಜಗಳವಾಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ಕ್ರಾಂತಿಕಾರಿಯಾಗುವ ಮೊದಲು ಹೊಟ್ಟೆಪಾಡಿಗೆ ಮಾಡಿದ ಕೆಲಸವೆಂದು ಈ ಸಂಕಲನವನ್ನು ಅಡಿಟಿಪ್ಪಣಿಗೆ ತಳ್ಳುವ ವಿಮರ್ಶಕರನ್ನು ನಾನು ಒಪ್ಪುವುದಿಲ್ಲ. ಹೆಣ್ಣುಮಕ್ಕಳು ಏನನ್ನು ಓದಬೇಕೆಂಬ ಪ್ರಶ್ನೆಯನ್ನು ಅವಳು ಈ ಆಯ್ಕೆಯಲ್ಲಿ ನೇರವಾಗಿ ಎದುರಿಸಿದ್ದಾಳೆ.

ವಿಲಿಯಂ ಡಾಡ್‌ನ ವಿಷಯದಲ್ಲಿ ನಿನಗೆ ಉಂಟಾಗಿರುವ ಜಿಗುಪ್ಸೆ ನನಗೆ ಅರ್ಥವಾಗುತ್ತದೆ. 1752ರಲ್ಲಿ ‘ದಿ ಬ್ಯೂಟೀಸ್ ಆಫ್ ಶೇಕ್ಸ್‌ಪಿಯರ್’ ಹೊರತಂದು ಆ ಬಳಿಕ ಹೆಸರಾಂತ ಪಾದ್ರಿಯಾದವನು, ಚೆಸ್ಟರ್‌ಫೀಲ್ಡ್ ಪ್ರಭುವಿನ ಹೆಸರಿನಲ್ಲಿ 4,200 ಪೌಂಡ್‌ಗಳ ಖೋಟಾ ಪತ್ರ ಸೃಷ್ಟಿಸಿ 1777ರಲ್ಲಿ ಟೈಬರ್ನ್‌ನಲ್ಲಿ ಗಲ್ಲಿಗೇರಿದ. ಅವನ ಪ್ರಾಣ ಉಳಿಸಲು ಸ್ಯಾಮ್ಯುಯಲ್ ಜಾನ್ಸನ್ ಮನವಿಗಳನ್ನು ಬರೆದುಕೊಟ್ಟ. ಸೆರೆಮನೆಯಲ್ಲಿ ಡಾಡ್ ಮಾಡಿದ ಉಪದೇಶವೂ ಜಾನ್ಸನ್ನನ ಲೇಖನಿಯಿಂದಲೇ ಬಂದದ್ದು. ಇಂಥವನು ಆಯ್ದ ನೀತಿಗೆ ಏನು ಬೆಲೆ ಎಂದು ನೀನು ಕೇಳಿದ್ದೀಯೆ. ಜರ್ಮನಿಯಲ್ಲಿ, ಮುಂದೆ ಮಹಾಕವಿಯಾದ ತರುಣ ಗಯಟೆ ಶೇಕ್ಸ್‌ಪಿಯರನನ್ನು ಮೊದಲು ಕಂಡದ್ದು ಇದೇ ಡಾಡ್‌ನ ಪುಸ್ತಕದಲ್ಲಿ. ಆಯ್ದವನ ಬದುಕನ್ನು ಬರೆಯುವಾಗ ನಿಷ್ಠುರವಾಗಿ ಬರೆ. ಆಯ್ದ ಸಾಲು ಓದಿದವನಲ್ಲಿ ಮಾಡಿದ ಕೆಲಸವನ್ನು ಬೇರೆಯಾಗಿ ತೂಗು.

ಓದಿದವನಲ್ಲಿ ಮಾಡಿದ ಕೆಲಸ ಎಂದೆನಲ್ಲ, ಅದಕ್ಕೆ ನನಗೆ ಗೊತ್ತಿರುವ ದೊಡ್ಡ ಸಾಕ್ಷಿ ಅಟ್ಲಾಂಟಿಕ್ ಆಚೆಯದು. ಬಾರ್ಬಾಲ್ಡ್ ಮತ್ತು ಅವಳ ತಮ್ಮ ಜಾನ್ ಐಕಿನ್ ವಾರಿಂಗ್ಟನ್ ಅಕಾಡೆಮಿಯ ಅಧ್ಯಾಪಕರ ಮಕ್ಕಳು. ಅವರಿಬ್ಬರೂ ಮಕ್ಕಳಿಗಾಗಿ ಬರೆದ ‘ಈವನಿಂಗ್ಸ್ ಅಟ್ ಹೋಮ್’ನಲ್ಲಿ ಯಜಮಾನ ಮತ್ತು ಗುಲಾಮನ ನಡುವೆ ಒಂದು ಸಂಭಾಷಣೆಯಿದೆ, ಅದು ಐಕಿನ್ ಬರೆದದ್ದು. ಓಡಿಹೋಗಿ ಸಿಕ್ಕಿಬಿದ್ದ ಗುಲಾಮ ಯಜಮಾನನ ಒಂದೊಂದು ವಾದಕ್ಕೂ ಉತ್ತರ ಕೊಡುತ್ತಾನೆ. ಕೊನೆಗೆ ಯಜಮಾನ ಅವನನ್ನು ಬಿಡುಗಡೆ ಮಾಡುತ್ತಾನೆ. ಕೇಲಬ್ ಬಿಂಗಮ್ 1797ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟಿಸಿದ ‘ದಿ ಕೊಲಂಬಿಯನ್ ಆರೇಟರ್’ ಎಂಬ ಶಾಲಾ ಸಂಕಲನಕ್ಕೆ ಅದು ಬಂದು ಸೇರಿತು. ಬಾಲ್ಟಿಮೋರಿನಲ್ಲಿ ಗುಲಾಮನಾಗಿದ್ದ, ಮುಂದೆ ಗುಲಾಮಗಿರಿಯ ವಿರುದ್ಧ ಹೆಸರಾಂತ ಭಾಷಣಕಾರನಾದ ಫ್ರೆಡರಿಕ್ ಡಗ್ಲಸ್ ಸುಮಾರು ಹನ್ನೆರಡರ ವಯಸ್ಸಿನಲ್ಲಿ 50 ಸೆಂಟು ಕೂಡಿಹಾಕಿ ಆ ಪುಸ್ತಕವನ್ನು ಕೊಂಡ. ಸಮಯ ಸಿಕ್ಕಾಗಲೆಲ್ಲ ಅದನ್ನು ಓದುತ್ತಿದ್ದುದಾಗಿಯೂ, ತನ್ನ ಮನಸ್ಸಿನಲ್ಲಿ ಮಿಂಚಿ ಮರೆಯಾಗುತ್ತಿದ್ದ ಯೋಚನೆಗಳಿಗೆ ಅದರಿಂದ ಮಾತು ದೊರೆಯಿತೆಂದೂ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೈತ್ರೇಯಿ, ಆ ಹುಡುಗನಿಗೆ ಆಗ ಬೇರೆ ಪುಸ್ತಕದ ಕಪಾಟು ಇರಲಿಲ್ಲ. ಕತ್ತರಿಸಿ ಜೋಡಿಸಿದ ಪುಸ್ತಕದಲ್ಲಿ ಏನಿದೆ ಎಂದು ಕೇಳಿದವರಿಗೆ ಮುಂದಿನ ಸಂಕಿರಣದಲ್ಲಿ ಈ ಹುಡುಗನ ವಿಷಯವನ್ನು ವಿನಯದಿಂದ ಹೇಳು.

ನಮ್ಮ ನುಡಿಯ ಅನುಭವವೂ ನಿನಗೆ ಧೈರ್ಯ ಕೊಡಬೇಕು. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸದೆ ಇದ್ದಿದ್ದರೆ, ಮೂಲಕಾವ್ಯಗಳೇ ಕಳೆದುಹೋದ ಎಷ್ಟೋ ಕನ್ನಡ ಪದ್ಯಗಳು ನಮಗೆ ದಕ್ಕುತ್ತಿರಲಿಲ್ಲ. ಇದನ್ನು ನಿನ್ನ ಪ್ರಬಂಧದೊಳಗೆ ಎಳೆದುತರಬೇಕೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಕಾರಣಗಳು ಬೇರೆ, ಹೊಯ್ಸಳರ ಕಾಲದ ಕಾರಣಗಳು ಬೇರೆ. ಆಯ್ಕೆ ಮಾಡುವ ಕೆಲಸವನ್ನು ಎರಡನೆಯ ದರ್ಜೆಯದೆಂದು ಯಾರಾದರೂ ಅಂದಾಗ ನೆನಪಿನಲ್ಲಿರಲಿ ಎಂದಷ್ಟೇ.

ಕಡೆಯದಾಗಿ, ಇದು ನನಗೆ ಬಹಳ ಮುಖ್ಯವೆನಿಸಿದ ಮಾತು. ನಿನ್ನ ಕರಡಿನಲ್ಲಿ ಭಕ್ತಿಪದ್ಯಗಳ ಪ್ರಸ್ತಾಪ ಬಂದಾಗಲೆಲ್ಲ ‘ಸಾಂಪ್ರದಾಯಿಕ’, ‘ಸವಕಲು’ ಎಂಬ ವಿಶೇಷಣಗಳು ಕಾಣಿಸಿಕೊಂಡಿವೆ. ಆಡಿಸನ್ 1712ರಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಶ್ರದ್ಧೆಯನ್ನು ದೃಢಪಡಿಸಿಕೊಳ್ಳುವ ಬಗೆಯನ್ನು ಕುರಿತು ಬರೆದ ಪ್ರಬಂಧದ ಕೊನೆಗೆ, ಬೈಬಲ್ಲಿನ ಹತ್ತೊಂಬತ್ತನೆಯ ಕೀರ್ತನೆಯನ್ನು ಅನುಸರಿಸಿ, ಆಕಾಶ ಮತ್ತು ಗ್ರಹತಾರೆಗಳು ಸೃಷ್ಟಿಕರ್ತನನ್ನು ಸಾರುತ್ತಿವೆಯೆಂಬ ಸ್ತುತಿಪದ್ಯವನ್ನು ಇಟ್ಟ. ನ್ಯೂಟನ್ ಇನ್ನೂ ಬದುಕಿದ್ದ ಕಾಲ ಅದು. ಆ ಪದ್ಯವನ್ನು ಬಾಯಿಪಾಠ ಮಾಡಿದವರಿಗೆ ಖಗೋಳವಿಜ್ಞಾನವೂ ಪ್ರಾರ್ಥನೆಯೂ ಒಂದೇ ಆಗಸದಲ್ಲಿದ್ದವು. ನೀನು ನಂಬಬೇಕೆಂದಿಲ್ಲ, ಅವರು ನಂಬಿದ್ದರೆಂಬುದನ್ನು ಗೌರವದಿಂದ ಓದಬೇಕು. ಆ ವಿಶೇಷಣಗಳನ್ನು ತೆಗೆದುಹಾಕಿ, ಒಂದೊಂದು ಪದ್ಯವನ್ನೂ ಯಾರು, ಯಾವ ಹೊತ್ತಿನಲ್ಲಿ, ಯಾವ ಅಗತ್ಯಕ್ಕೆ ಓದಿರಬಹುದೆಂದು ಯೋಚಿಸಿ ಮತ್ತೆ ಬರೆ. ಸ್ಕ್ಯಾನ್ ಮಾಡಿದ ಪ್ರತಿಗಳನ್ನು ನೋಡುವಾಗ ಮೊದಲ ಖಾಲಿ ಹಾಳೆಗಳನ್ನು ಹಾರಿಸಬೇಡ. ಉಡುಗೊರೆ ಕೊಟ್ಟವರ ಬರಹ, ಮಕ್ಕಳ ಹೆಸರು, ಅಂಚಿನ ಪೆನ್ಸಿಲ್ ಗೆರೆ ಏನಿದ್ದರೂ ಬೇರೆ ಪುಸ್ತಕದಲ್ಲಿ ತಾರೀಖು ಸಹಿತ ಗುರುತು ಹಾಕಿಕೋ.

ಮೊದಲು ‘ಫೀಮೇಲ್ ರೀಡರ್’ ಅಧ್ಯಾಯವನ್ನು ಬರೆ, ಅದು ನಿನಗೆ ಹತ್ತಿರದ್ದು. ವೆಸ್ಲಿಯನ್ನು ಆಮೇಲೆ ಹಿಡಿ. ಕರಡು ಸಿದ್ಧವಾದಷ್ಟನ್ನು ಮುದ್ರಿಸಿ ಅಂಚೆಯಲ್ಲಿ ಕಳುಹಿಸು. ಪರದೆಯ ಮೇಲೆ ಓದುವುದು ನನ್ನ ಕಣ್ಣಿಗೆ ಆಗುವುದಿಲ್ಲ. ದಸರೆಗೆ ನೀನೂ ನಿನ್ನ ಅಮ್ಮನೂ ಬಂದರೆ ಕೂತು ಮಾತಾಡಬಹುದು.

ಇತಿ,
ನಿನ್ನ ಶ್ರೇಯಸ್ಸನ್ನು ಬಯಸುವ
ದೊಡ್ಡಮ್ಮ